ನನ್ನ ಬಾಯಲ್ಲಿ ಇನ್ಯಾರದೋ ಸ್ವರ

ಶುಕ್ರವಾರ, ನವೆಂಬರ್ 14. ಮಲಾಜ್.

ಸಿನಿಮಾ ನೋಡಿ ಬಂದಾಗಿನಿಂದ ಮೈ ಉರಿಯುತ್ತಿದೆ. ಇಟಲಿಯ ನಿರ್ದೇಶಕ ಎತ್ತೊರೆ ಇಲ್ಲೇ ರಿಯಾದಿನಲ್ಲಿ ತೆಗೆದ ಸಿನಿಮಾದಲ್ಲಿ ನಾನು ಕೆಲಸಗಾರನ ಪಾತ್ರ ಮಾಡಿ, ರಜೆ ಕೊಡದ ಮ್ಯಾನೇಜರನನ್ನು ತುಳುವಿನಲ್ಲಿ ಚೆನ್ನಾಗಿ ಬೈದಿದ್ದೆ. ಇವತ್ತು ತೆರೆಯ ಮೇಲೆ ನನ್ನ ಬಾಯಲ್ಲಿ ಇನ್ಯಾರೋ ಹಿಂದಿಯಲ್ಲಿ ಗೋಗರೆಯುತ್ತಿದ್ದಾನೆ! ಪಕ್ಕದಲ್ಲಿದ್ದ ಹೆಂಡತಿ ವಸಂತಿ, “ಮುಖ ನಿಮ್ಮದೇ, ಸ್ವರ ಯಾರದ್ದು ಮಾರಾಯ್ರೆ?” ಎಂದಳು.

ಹೊರಗೆ ಎತ್ತೊರೆಯನ್ನು ತಡೆದು ಕೇಳಿದೆ. “ನಮ್ಮ ಇಟಲಿಯಲ್ಲಿ ಡಬ್ಬಿಂಗ್ ಮಾಮೂಲು” ಎಂದು ಬೆನ್ನು ತಟ್ಟಿದ. ಮಾಮೂಲಂತೆ! ಬರೀ ನಟನಾಗಿದ್ದಷ್ಟು ಕಾಲ ತನ್ನ ಮುಖಕ್ಕೆ ಬೇರೆಯವರ ಸ್ವರ ಅಂಟಿಸಿದರೆಂದು, ಆ ಸಿಟ್ಟಿಗೇ ತಾನು ನಿರ್ದೇಶನಕ್ಕೆ ಇಳಿದದ್ದೆಂದು, ಶೂಟಿಂಗಿನಲ್ಲಿ ನನ್ನೆದುರೇ ಕಣ್ಣೀರು ಹಾಕಿದ್ದವನು ಇವನೇ.

ಆ ಮ್ಯಾನೇಜರನ ಪಾತ್ರ ಮಾಡಿದವನೂ ಇವನೇ. ಅದಕ್ಕೆ ಮಾತ್ರ ಇವನ ಸ್ವಂತ ಸ್ವರ.