ಕೂಸಿಗೆ ಜಾಗ

ಪಾಮನಕಲ್ಲೂರು
12 ಆಗಸ್ಟ್ 2025

ನನ್ನ ದಾನಮ್ಮಾ,

ಕೈಯಲ್ಲಿ ಫೋನಿದ್ದೂ ಅವ್ವ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಮೂರು ದಿನದಿಂದ ಫೋನ್ ಹಚ್ಚುತ್ತೇನೆ. ನಿನ್ನ ದನಿ ಕೇಳಿದ ಕೂಡಲೇ ಚಹಾ ಆಯಿತಾ, ಮುಕ್ಕುಂದದಲ್ಲಿ ನಾಟಿ ಮುಗಿಯಿತಾ ಎಂದು ಏನೇನೋ ಕೇಳಿ ಇಟ್ಟುಬಿಡುತ್ತೇನೆ. ಹೇಳಬೇಕಾದ್ದು ಹಾಗೇ ಉಳಿಯುತ್ತದೆ.

ನಿನ್ನೆ ನೀನು, "ಅವ್ವಾ, ಐದು ತಿಂಗಳು ತುಂಬಿತು, ನೀ ಕಲಿಸಿದಂತೆ ಈಗಿನಿಂದಲೇ ರಾತ್ರಿ ಊಟ ಬಿಟ್ಟಿದ್ದೇನೆ" ಎಂದು ನಗುತ್ತ ಹೇಳಿದೆ. ಬಿಡಬೇಡ ತಾಯಿ. ಮೊದಲು ಎದ್ದು ಹೋಗಿ ಏನಾದರೂ ಉಂಡು ಬಾ. ಆಮೇಲೆ ಇದನ್ನು ಓದಿ ನನ್ನನ್ನು ಎಷ್ಟು ಬೇಕಾದರೂ ಬೈ.

ನಿನಗೆ ವಾಂತಿ ಹೆಚ್ಚಾದಾಗಿನಿಂದ ಮೊಮ್ಮಗಳು ಅಮೂಲ್ಯಾ ನನ್ನ ಹತ್ತಿರವೇ ಇದ್ದಾಳಲ್ಲ, ಹೋದ ವಾರ ಅವಳನ್ನು ಲಿಂಗಸುಗೂರಿಗೆ ಕರೆದೊಯ್ದಿದ್ದೆ. ಜ್ವರ ಎಂದು ನಿನಗೆ ಹೇಳಿದ್ದು ಸುಳ್ಳು. ನಾಲ್ಕು ತುಂಬಿದ ಕೂಸಿಗೆ ಎರಡು ವರ್ಷದವರ ಅಂಗಿ ಸಾಕಾಗುತ್ತದೆ, ತೂಕ ಏರುತ್ತಿಲ್ಲ, ತೋರಿಸಿ ಬನ್ನಿ ಎಂದು ಅಂಗನವಾಡಿ ಟೀಚರ್ ಹೇಳಿದ್ದರು. ಅಮೂಲ್ಯಾ ಹೊಟ್ಟೆಯಲ್ಲಿದ್ದಾಗಿನ ನಿನ್ನ ಬಸುರಿನ ಸುದ್ದಿಯನ್ನು ಡಾಕ್ಟರಮ್ಮ ಕೇಳಿದರು. ಎಲ್ಲಾ ನಾನೇ ನೋಡಿಕೊಂಡೆ ಎಂದು ಬಡಾಯಿ ಕೊಚ್ಚಿದೆ. ಏಳನೇ ತಿಂಗಳಿಗೆ ತವರಿಗೆ ಬಂದವಳಿಗೆ ಹೊತ್ತಿಗೆ ಒಂದೇ ರೊಟ್ಟಿ, ಮೇಲೊಂದು ಲೋಟ ಮಜ್ಜಿಗೆ. ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಇರುವುದಿಲ್ಲ, ಕೂಸು ದಪ್ಪಗಾದರೆ ಹೆರಿಗೆ ಕಷ್ಟ ಎಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸಿನ ಮೈ ಹೇಗೆ ಬೆಳೆಯಬೇಕು ಎಂಬುದು ಅವ್ವ ಅಪ್ಪನಿಂದ ಬಂದ ಜೀನುಗಳಲ್ಲಿ ಬರೆದಿರುತ್ತದಂತೆ. ತಾಯಿ ಉಂಡದ್ದು ಆ ಬರಹವನ್ನು ತಿದ್ದುವುದಿಲ್ಲ. ಆದರೆ ಅದರಲ್ಲಿ ಯಾವುದು ಚಾಲೂ, ಯಾವುದು ಬಂದ್ ಎಂಬ ಗುರುತು ಹೊಟ್ಟೆಯಲ್ಲಿರುವಾಗಲೇ ಬೀಳಬಹುದಂತೆ. ಊಟ ಸಾಲದಿದ್ದರೆ, ಹೊರಗೆ ಬರಗಾಲವಿದೆ ಎಂಬಂತೆ, ಕೂಸು ಕಡಿಮೆ ಬೆಳೆದು ಬದುಕಲು ತಯಾರಾಗಿ ಬರುತ್ತದಂತೆ. ಅಮೂಲ್ಯಾ ಸಣ್ಣಗಿರುವುದಕ್ಕೆ ಇದೊಂದೇ ಕಾರಣ ಎಂದು ಖಾತ್ರಿ ಹೇಳಲಾರೆ ಎಂದರು. ನಮ್ಮ ಮನೆಯಲ್ಲಿ ಆ ವರ್ಷ ಜೋಳಕ್ಕೆ ಬರ ಇರಲಿಲ್ಲ, ದಾನಮ್ಮಾ. ಮಸ್ಕಿ ಬರುವವರೆಗೂ ಬಸ್ಸಿನಲ್ಲಿ ಅಳುತ್ತಲೇ ಇದ್ದೆ.

ಒಂದು ಮಧ್ಯಾಹ್ನ ನೀನು ಒಲೆಯ ಮುಂದೆ ಕೂತು, "ಅವ್ವಾ, ಹಸಿವು ತಡಿಯಾಕ ಆಗವಲ್ದು, ಇನ್ನರ್ಧ ರೊಟ್ಟಿ ಕೊಡಬೇ" ಎಂದೆ. ನಾನು ಬುಟ್ಟಿ ಎತ್ತಿ ಒಳಗಿಟ್ಟೆ. ಉಳಿದದ್ದನ್ನು ಸಂಜೆ ಎಮ್ಮೆಗೆ ಹಾಕಿದೆ. ಆಶಾ ಕಾರ್ಯಕರ್ತೆ ಕೊಟ್ಟ ರಕ್ತ ಹೆಚ್ಚಿಸುವ ಗುಳಿಗೆಯನ್ನೂ ಕೂಸು ದಪ್ಪಾಗುತ್ತದೆಂದು ತಿಪ್ಪೆಗೆ ಎಸೆದವಳು ನಾನೇ. ನೀನು ಎಲ್ಲಿಯೋ ಇಟ್ಟು ಮರೆತೆ ಎಂದು ನಿನ್ನ ಮೇಲೆಯೇ ಹಾಕಿದೆ. ಮುಂದೆ ಸಣ್ಣ ಕೂಸನ್ನು ನೋಡಿ ನಿನ್ನ ಅತ್ತೆ, ಸೊಸೆಯ ಹೊಟ್ಟೆಯಲ್ಲೇ ಸತ್ವ ಇಲ್ಲ ಎಂದು ನಾಲ್ಕು ಮಂದಿಯ ಎದುರು ಆಡಿದಾಗ ನೀನು ತಲೆ ತಗ್ಗಿಸಿ ಕಣ್ಣೀರು ಹಾಕಿದೆ. ನಾನು ಪಕ್ಕದಲ್ಲೇ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದೆ.

ಈ ಕಾಗದವನ್ನು ನಿನ್ನ ಅತ್ತೆಗೂ, ನಿನ್ನ ಗಂಡ ವೀರೇಂದ್ರನಿಗೂ ಓದಿ ಹೇಳು. ನಿನ್ನ ಹೊಟ್ಟೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಅಮೂಲ್ಯಾಗೆ ಚೆನ್ನಾಗಿ ಉಣಿಸಿದರೆ ಇನ್ನೂ ಸುಧಾರಿಸಬಹುದು ಎಂದಿದ್ದಾರೆ. ಹಾಲು, ಶೇಂಗಾ, ಬೇಳೆ ಕೊಡುತ್ತಿದ್ದೇನೆ. ನಾಲ್ಕು ತುತ್ತಿಗೇ ತಾಟು ಸರಿಸುತ್ತಾಳೆ.

ಈ ಸಲದ ಹೆರಿಗೆಗೆ ಕರೆಯಲು ನಾನು ಬರುವುದಿಲ್ಲ. ಸಿಂಧನೂರಿನಲ್ಲೇ ತೋರಿಸಿಕೋ, ಅವರು ಹೇಳಿದಷ್ಟು ಉಣ್ಣು. ಇಷ್ಟೆಲ್ಲ ತಿಳಿದ ಮೇಲೂ ನಿನಗೆ ಬಡಿಸಲು ನಿಂತರೆ ನನ್ನ ಕೈ ಹಿಂದೆ ಸರಿಯುತ್ತದೆ. ಆ ಅಂಜಿಕೆ ನನ್ನನ್ನು ಬಿಟ್ಟಿಲ್ಲ.

ನಿನ್ನ ಪಾಪಿ ಅವ್ವ,
ಕಲ್ಯಾಣಮ್ಮ

ತಾ.ಕ.: ಎಂಥ ಅಂಜಿಕೆ ಎಂದು ಕೇಳುತ್ತೀ. ನಿನಗಿಂತ ಮೊದಲು ನನಗೊಂದು ಗಂಡು ಕೂಸಾಗಿತ್ತು, ನಿನಗೆ ಹೇಳಿಲ್ಲ. ದೊಡ್ಡ ಕೂಸು. ಎರಡು ದಿನ ಹೆರಿಗೆ ಬ್ಯಾನಿ ತಿಂದೆ, ಹೊರಗೆ ಬಂದಾಗ ಉಸಿರಿರಲಿಲ್ಲ. ನನ್ನ ಅವ್ವ ಅದನ್ನು ಬಟ್ಟೆಯಲ್ಲಿ ಸುತ್ತುತ್ತ, "ಉಂಡು ಉಂಡು ಮಗನ್ನ ಕೊಂದಿ" ಅಂದಳು. ಅದಕ್ಕೆ ನೀನು ಹೊಟ್ಟೆಯಲ್ಲಿದ್ದಾಗ ನಾನು ಒಂದು ದಿನವೂ ಹೊಟ್ಟೆ ತುಂಬ ಉಣ್ಣಲಿಲ್ಲ. ಆ ಹಸಿವು ಮೊಮ್ಮಗಳ ತನಕ ಬಂದಿರಬಹುದಾ ಎಂದು ಡಾಕ್ಟರಮ್ಮನನ್ನು ಕೇಳಿದೆ. ಇನ್ನೂ ಪೂರ್ತಿ ತಿಳಿದಿಲ್ಲ, ಬಂದಿರಲೂಬಹುದು ಎಂದರು. ನೀನು ಸಣ್ಣಗೆ ಹುಟ್ಟಿದೆ, ಆದರೆ ಹುಟ್ಟಿದ ಕೂಡಲೇ ಅತ್ತುಬಿಟ್ಟೆ, ಜೀವ ಇತ್ತಲ್ಲ. ನಾನು ಮಾಡಿದ್ದೇ ಸರಿ ಎಂದುಕೊಂಡುಬಿಟ್ಟೆ.