ಪೂರ್ತಿ ಕೇಳು ಅಂದಿದ್ದ ಕ್ಯಾಸೆಟ್

ಕೊಟ್ಟಿಗೆಹಾರ
11-1-1998

ಗೆಳೆಯ ಜುನೈದ್‌ಗೆ,

ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ, ನಾನು ಶಂಕರ. ಬಾಂಬೆಯಲ್ಲಿ ಚೆನ್ನಾಗಿದ್ದೀಯ ಅಂತ ನಿಮ್ಮಮ್ಮ ಹೇಳಿದರು, ವಿಳಾಸ ಅವರೇ ಕೊಟ್ಟರು. ಮೂರು ವರ್ಷ ಒಂದು ಕಾಗದ ಹಾಕಲಿಲ್ಲ. ಕೆಲಸ ಜಾಸ್ತಿ ಇತ್ತು ಅಂತ ಬರೆಯಬಹುದು, ಆದರೆ ಸುಳ್ಳು ಬೇಡ. ಒಂದು ಮಾತೂ ಹೇಳದೆ ಹೋದೆಯಲ್ಲ ಅಂತ ಸಿಟ್ಟಿತ್ತು. ಈಗ ಸಿಟ್ಟು ಇಟ್ಟುಕೊಳ್ಳುವುದಕ್ಕೂ ಸುಸ್ತು.

ನನ್ನ ವಿಷಯ ಹೇಳುವಂಥದ್ದೇನಿಲ್ಲ. ಜೀಪಿನಲ್ಲಿ ಕ್ಲೀನರ್ ಆದೆ, ಬಿಟ್ಟೆ. ಮೂಡಿಗೆರೆಯ ಪೈಪ್ ಅಂಗಡಿಗೆ ಸೇರಿದೆ, ಅದನ್ನೂ ಬಿಟ್ಟೆ. ಈಗ ಪುಟ್ಟಸ್ವಾಮಿಯವರ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ ನೋಡಿಕೊಳ್ಳುತ್ತೇನೆ. ಮೇಸ್ತ್ರಿ ಲಕ್ಕಯ್ಯ ದಿನಾ ಚುಚ್ಚುತ್ತಾನೆ: "ಶಂಕ್ರ, ನಿನ್ ಕಾಲಲ್ಲಿ ಚಕ್ರ ಇದೆ ಮಾರಾಯ. ಆದ್ರೆ ಅದು ಕೊಟ್ಟಿಗೆಹಾರ ದಾಟಲ್ಲ."

ಈ ಕಾಗದ ಬರೆಯಲು ಕಾರಣ ನಿನ್ನ ಕ್ಯಾಸೆಟ್. ಎಸ್ಟೇಟಿಗೆ ಬಂದ ಯಾರೋ ಗೆಸ್ಟಿನ ಕಾರಿನ ಸ್ಟೀರಿಯೋ ರಿಪೇರಿ ಮಾಡಿದ್ದಕ್ಕೆ ನಿನಗೆ ಕೊಟ್ಟರಲ್ಲ, ಹೆಸರಿಲ್ಲದ ಆ ಇಂಗ್ಲಿಷ್ ಕ್ಯಾಸೆಟ್. ನೀನು ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಅದನ್ನು ಹಾಕಿದಾಗ "ಕಾಫಿ ಪಲ್ಪರ್ ಮಿಷನ್ನಿಗೆ ಕಲ್ಲು ಸಿಕ್ಕಿದೆ, ಯಾರಾದ್ರೂ ಆಫ್ ಮಾಡ್ರೋ" ಅಂದಿದ್ದೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಹೋಗುವುದಕ್ಕೆ ಎರಡು ದಿನ ಮೊದಲು ಅದನ್ನೇ ನನ್ನ ಕೈಗಿಟ್ಟು, "ಪೂರ್ತಿ ಕೇಳು, ಮಧ್ಯ ಆಫ್ ಮಾಡ್ಬೇಡ" ಅಂದೆ. ನಾನು ಹಾಕಿದ್ದು ಎರಡು ನಿಮಿಷ. ಆಮೇಲೆ ಟ್ರಂಕಿಗೆ ಎಸೆದೆ.

ಈ ಸುಗ್ಗಿಯಲ್ಲಿ ಹೊರಗೆ ತೆಗೆದೆ. ಕಣದಲ್ಲಿ ಹರಡಿದ, ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿಯನ್ನು ಅರ್ಧ ಗಂಟೆಗೊಮ್ಮೆ ಕೆದಕಬೇಕು, ಇಲ್ಲದಿದ್ದರೆ ಕಾಳು ಒಂದೇ ಸಮ ಒಣಗುವುದಿಲ್ಲ. ನನ್ನ ವಾಚು ಕೆಟ್ಟಿದೆ. ಹಾಗಾಗಿ ಟೇಪ್ ರೆಕಾರ್ಡರೇ ಗಡಿಯಾರ, ಕ್ಯಾಸೆಟ್ಟಿನ ಒಂದು ಬದಿ ಅರ್ಧ ಗಂಟೆ. ಸಿನಿಮಾ ಹಾಡು ಹಾಕಿದರೆ ಹೆಂಗಸರು ಕೆದಕುವ ಹಲಗೆ ಹಿಡಿದು ಕೇಳುತ್ತಾ ನಿಲ್ಲುತ್ತಾರೆ. ನಿನ್ನದು ಹಾಕಿದರೆ ನಾಯಿ ಕೂಡ ಹತ್ತಿರ ಬರುವುದಿಲ್ಲ.

ಮೊದಲ ವಾರ ತಲೆನೋವು. ಒಬ್ಬ ಬಾವಿಯೊಳಗಿಂದ ಹಾಡುತ್ತಾನೆ, ಗಿಟಾರ್ ಬೆಕ್ಕಿನ ಹಾಗೆ ಅಳುತ್ತದೆ, ಡ್ರಮ್ಮು ನಡೆಯುತ್ತಾ ನಡೆಯುತ್ತಾ ಎಲ್ಲೋ ಹೋಗಿಬಿಡುತ್ತದೆ. ಹಾಡು ಯಾವಾಗ ಶುರುವಾಗುತ್ತದೆ ಅಂತ ಕಾದೆ. ದಿನಕ್ಕೆ ಎಂಟು ಸಲ ಕಾದೂ ಕಾದೂ ಸಾಕಾಗಿ, ಒಂದು ಮಧ್ಯಾಹ್ನ ಕಾಯುವುದನ್ನೇ ಬಿಟ್ಟೆ. ಆವತ್ತು ಕೇಳಿಸಿತು ಜುನೈದ್. ಮಂಜಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಹಾಗೆ ಅದು. ಮುಂದೆ ಏನೂ ಕಾಣುವುದಿಲ್ಲ, ಡ್ರೈವರಿಗೆ ದಾರಿ ಗೊತ್ತು ಅಂತ ನಂಬಿ ಕೂರಬೇಕು. ಅಳುವ ಗಿಟಾರಿನ ಕೆಳಗೆ ಇನ್ನೊಂದು ಸಣ್ಣ ಗಿಟಾರ್ ಒಂದೇ ಸ್ವರವನ್ನು ಬಿಡದೆ ಬಾರಿಸುತ್ತಿರುತ್ತದೆ, ನೀನು ಕೇಳಿದ್ದೀಯಾ? ಎಲ್ಲ ಚದುರಿಹೋದರೂ ಅದೊಂದು ಅಲ್ಲೇ ಇರುತ್ತದೆ. ಅದು ಬಂದಾಗ ನನ್ನ ಕೈ ಹಲಗೆಯ ಮೇಲೆ ನಿಲ್ಲುತ್ತದೆ.

ಎರಡನೇ ಬದಿಯಲ್ಲಿ ಸಂಗೀತ ಬೇಗ ಮುಗಿಯುತ್ತದೆ, ಉಳಿದದ್ದು ಬರೀ ಸೊಯ್ ಅನ್ನುವ ಶಬ್ದ. ಸೆಲ್ ಉಳಿಯಲಿ ಅಂತ ಅಲ್ಲಿಗೇ ಆಫ್ ಮಾಡಿ ಕೆದಕಲು ಏಳುತ್ತೇನೆ.

ನಿಮ್ಮಮ್ಮ ಮಂಡಿನೋವಿನಲ್ಲೂ ಚಹಾ ಕೊಟ್ಟು ಕೂರಿಸಿಕೊಂಡರು. "ಬಾಂಬೆಗೆ ಹೋದ ದಿನ ಎರಡು ಬಸ್ ಬಿಟ್ಟ ನೋಡು, ಮೂರನೇದಕ್ಕೆ ಹತ್ತಿದ. ಯಾಕೋ ಏನೋ" ಅಂದರು. ರಶ್ ಇದ್ದಿರಬೇಕು ಅಮ್ಮಾ ಅಂದೆ.

ಹೋಟೆಲಿನಲ್ಲಿ ನಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಆ ಊರಿನ ಗದ್ದಲದಲ್ಲಿ ನಿನ್ನ ಕಿವಿ ಚೆನ್ನಾಗಿರಲಿ.

ಇಂತಿ ನಿನ್ನ
ಶಂಕರ

ತಾ.ಕ: ಕವರ್ ಅಂಟಿಸಿರಲಿಲ್ಲ. ಇವತ್ತು ಹದಿಮೂರು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ನಾಲ್ಕು ಹನಿ ಬಿತ್ತು. ಟೇಪು ಹಾಗೇ ಬಿಟ್ಟು ಎಲ್ಲರೂ ಕಣಕ್ಕೆ ಟಾರ್ಪಾಲು ಹೊದಿಸಲು ಓಡಿದೆವು. ಟೇಪು ಇಟ್ಟಿದ್ದ ಕಟ್ಟೆಯ ಹತ್ತಿರ ಇದ್ದ ಕಣದ ಆಳು ದ್ಯಾವಮ್ಮ ಕೂಗಿದಳು: "ಶಂಕ್ರಣ್ಣ, ನಿಮ್ ಪೆಟ್ಟಿಗೇಲಿ ಆ ರೇಡಿಯೋ ರಿಪೇರಿ ಜುನೈದ್ ಮಾತಾಡ್ತಿದಾನೆ."

ಹಿಂದಕ್ಕೆ ತಿರುಗಿಸಿ ಕೇಳಿದೆ. ಎರಡನೇ ಬದಿಯ ಕೊನೆಗೆ, ಆ ಸೊಯ್ ಶಬ್ದದ ಆಚೆ ನಿನ್ನ ದನಿ: "ಇಲ್ಲಿವರೆಗೂ ಕೇಳಿದೀಯ ಅಂದ್ರೆ ನಿಂಗೆ ಹಿಡಿಸಿದೆ ಅಂತಾಯ್ತು ಮಾರಾಯ. ಬಾಂಬೇಲಿ ಸೌಂಡ್ ಸಿಸ್ಟಮ್‌ನವ್ರಿಗೆ ಇಬ್ರು ಬೇಕಂತೆ. ಎದುರಿಗೆ ಕರೆದ್ರೆ ಮತ್ತೆ ನಗ್ತೀಯ. ಬುಧವಾರ ಬೆಳಿಗ್ಗೆ ಮಂಗಳೂರು ಬಸ್ಸಿಗೆ ಕಾಯ್ತೀನಿ, ಬಾ."

ಆ ಬುಧವಾರ ನಾನು ಎದುರಿನ ಹೋಟೆಲಿನಲ್ಲೇ ಕೂತಿದ್ದೆ. ಬ್ಯಾಗ್ ಇಟ್ಟುಕೊಂಡು ನೀನು ನಿಂತಿದ್ದು ಕಾಣುತ್ತಿತ್ತು. ಎರಡು ಬಸ್ ಹೋಗುವವರೆಗೂ ನೋಡಿದೆ. ನೀನೇ ರಸ್ತೆ ದಾಟಿ ಬಂದು, ಹೋಗುತ್ತೇನೆ ಅಂತ ಒಂದು ಮಾತು ಹೇಳಲಿ ಅಂತ.