ಡಾಕ್ಟರಮ್ಮನಿಗೆ ಹೇಳಿದ ‘ಇಲ್ಲ’

ಫೆಬ್ರುವರಿ ೧೧, ಮಂಗಳವಾರ

ಬೆಳಗಿನ ಆ ಒಂದು ಉತ್ತರ ಇನ್ನೂ ಚುಚ್ಚುತ್ತಿದೆ.

ಶ್ವಾಸಕೋಶದ ಡಾಕ್ಟರಮ್ಮ ಎಂದಿನಂತೆ ಕೇಳಿದರು: “ಮನೇಲಿ ಮಾತಾಡುವಾಗ ಉಸಿರು ಕಟ್ಟುತ್ತಾ ಯಜಮಾನ್ರೇ?”

“ಇಲ್ಲಮ್ಮ.”

“ಹೋದ ಸಲ ಕಟ್ತಿತ್ತಲ್ಲ! ಹಾಗಾದ್ರೆ ಇನ್‌ಹೇಲರ್ ಕೆಲಸ ಮಾಡ್ತಿದೆ ಅನ್ನಿ.”

ಅವರ ಮುಖ ಅರಳಿತು. ದಿನವಿಡೀ ನಮ್ಮಂಥ ಕೆಮ್ಮುವವರನ್ನೇ ನೋಡುವ ಜೀವ, ಒಂದು ಒಳ್ಳೆಯ ಸುದ್ದಿಗೆ ಎಷ್ಟು ಕಾದಿತ್ತೋ. ಚೀಟಿಯಲ್ಲಿ ‘ಸುಧಾರಣೆ’ ಎಂದು ಬರೆದು ಅಡಿಗೆರೆ ಎಳೆದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ನಾನು ಹೇಳಿದ್ದು ಸುಳ್ಳಲ್ಲ. ಹೋದ ಸಲ ತೋರಿಸಿಕೊಂಡು ಬಂದ ನಂತರ ನನ್ನವಳು ತೀರಿಕೊಂಡಳು; ಆಮೇಲೆ ಮನೆಯಲ್ಲಿ ಬಾಯಿ ಬಿಟ್ಟಿದ್ದೇ ಇಲ್ಲ. ಇನ್ನು ಉಸಿರು ಕಟ್ಟುವುದೆಲ್ಲಿಂದ?

ಊಟವಾದ ಮೇಲೆ ಪರೀಕ್ಷಿಸಿದೆ. ಮೂವತ್ತು ವರ್ಷ ರೈಲು ನಿಲ್ದಾಣದ ಮೈಕಿನಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದ ಸಾಲನ್ನು ಅಡುಗೆಮನೆಯ ಕಡೆ ತಿರುಗಿ ಹೇಳಿದೆ: “ಪ್ರಯಾಣಿಕರ ಗಮನಕ್ಕೆ, ಗಾಡಿ ಎರಡನೇ...” ಗಾಡಿ ಬರುವ ಮೊದಲೇ ಎದೆ ಸಿಳ್ಳೆ ಹಾಕಿತು. “ಮನೇಲೂ ಮೈಕು ಬೇಕಾ ನಿಮಗೆ?” ಎಂದು ಅವಳಿದ್ದಾಗ ಅಲ್ಲಿಂದಲೇ ರೇಗಿಸುತ್ತಿದ್ದಳು. ಸ್ವಲ್ಪ ಹೊತ್ತು ಕಾದೆ.

ನಾಳೆ ಫೋನ್ ಮಾಡಿ ತಿದ್ದಿಸಬೇಕು. ಉಸಿರು ಕಟ್ಟುತ್ತದೆ ತಾಯಿ, ಆದರೆ ಅದಕ್ಕೆ ಮೊದಲು ಮಾತಾಡಲು ಯಾರಾದರೂ ಇರಬೇಕಲ್ಲ.